ಯೇಸುವನ್ನು ದೇವರೆಂದು ಆರಾಧಿಸಿದ ಮೊದಲಿಗರು

ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನೈಸಿಯಾ ನಗರದಲ್ಲಿ ಬಿಷಪ್ಪರ ಸಭೆ ಕರೆದು, ಕೈ ಎತ್ತಿಸಿ, ಯೇಸುವನ್ನು ದೇವರನ್ನಾಗಿ ಮಾಡಿಸಿದನೆಂಬ ಮಾತನ್ನು ಓದುಗರಲ್ಲಿ ಹಲವರು ಕೇಳಿರಬಹುದು. 2003ರಲ್ಲಿ ಪ್ರಕಟವಾದ ‘ದ ಡಾ ವಿಂಚಿ ಕೋಡ್’ ಕಾದಂಬರಿ ಈ ಮಾತನ್ನು ಜಗತ್ತಿನಾದ್ಯಂತ ಹಬ್ಬಿಸಿತು. ಕಾದಂಬರಿ ಚೆನ್ನಾಗಿ ಓದಿಸಿಕೊಳ್ಳುತ್ತದೆ; ಇತಿಹಾಸವೆಂದು ತೂಗಿದರೆ ನಿಲ್ಲುವುದಿಲ್ಲ. ಅದಕ್ಕೆ ಸಾಕ್ಷಿ ನುಡಿಯುವವನು ಕ್ರೈಸ್ತನಲ್ಲ, ಕ್ರೈಸ್ತರಿಗೆ ಮರಣದಂಡನೆ ವಿಧಿಸಿದ ಒಬ್ಬ ರೋಮನ್ ಅಧಿಕಾರಿ.

ಕಿರಿಯ ಪ್ಲಿನಿ ಎಂದು ಹೆಸರಾದ ಈತ ಕ್ರಿ.ಶ. 112ರ ಸುಮಾರಿನಲ್ಲಿ ಇಂದಿನ ತುರ್ಕಿಯ ಉತ್ತರ ಭಾಗದಲ್ಲಿದ್ದ ಬಿಥೀನಿಯಾ-ಪೊಂಟಸ್ ಪ್ರಾಂತ್ಯದ ರಾಜ್ಯಪಾಲ. ಪ್ರತಿಯೊಂದಕ್ಕೂ ಚಕ್ರವರ್ತಿ ಟ್ರಾಜನನ ಅಪ್ಪಣೆ ಕೇಳುವ ಸ್ವಭಾವದವನು. (ಅವನ ಪತ್ರಗಳಲ್ಲಿ ನೈಸಿಯಾದ ಅರ್ಧಕ್ಕೆ ನಿಂತು ಬಿರುಕು ಬಿಟ್ಟ ರಂಗಮಂದಿರದ ಗೋಳೂ ಇದೆ. ಸರ್ಕಾರಿ ಕಾಮಗಾರಿಗಳ ಹಣೆಬರಹ ಅಂದೂ ಅಷ್ಟೆ!) ಕ್ರೈಸ್ತರೆಂಬ ಆಪಾದನೆಗೆ ಒಳಗಾದವರನ್ನು ಏನು ಮಾಡಬೇಕೆಂದು ಕೇಳುತ್ತ ಆತ ತನ್ನ ವಿಚಾರಣೆಯ ಕ್ರಮವನ್ನು ವಿವರಿಸುತ್ತಾನೆ. ನೀನು ಕ್ರೈಸ್ತನೇ ಎಂದು ಮೂರು ಸಲ ಕೇಳುವುದು. ಹೌದೆಂದೇ ಹಟ ಹಿಡಿದವರನ್ನು ಕೊಲ್ಲಿಸುವುದು. ಅಲ್ಲವೆಂದವರು ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪವನ್ನೂ ಮದ್ಯವನ್ನೂ ಅರ್ಪಿಸಿ, ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಮತ ತೊರೆದಿದ್ದ ಕೆಲವರು, ತಾವು ನಿಗದಿಯಾದ ದಿನ ಬೆಳಕು ಹರಿಯುವ ಮುನ್ನ ಸೇರಿ, ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಸ್ತುತಿ ಹಾಡುತ್ತಿದ್ದುದಾಗಿ ಹೇಳಿಕೆ ಕೊಟ್ಟರು. ಸತ್ಯ ಹೊರಡಿಸಲೆಂದು ಪ್ಲಿನಿಯು ಆ ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದ. ಅತಿರೇಕದ ಮೂಢನಂಬಿಕೆಯಲ್ಲದೆ ಬೇರೇನೂ ಸಿಗಲಿಲ್ಲವೆಂದು ಬರೆದ.

ನೈಸಿಯಾ ಸಭೆಗೆ ಇನ್ನೂ ಇನ್ನೂರು ವರ್ಷಗಳಿದ್ದಾಗ, ಅದೇ ಬಿಥೀನಿಯಾ ಸೀಮೆಯ ಆಡಳಿತಗಾರನು ಬರೆದ ಪತ್ರವಿದು.

ಇನ್ನೂ ಹಿಂದಕ್ಕೆ ಹೋದಂತೆ ಪ್ರಶ್ನೆ ಕಠಿಣವಾಗುತ್ತದೆ. ರೋಮನರಿಗೆ ಮನುಷ್ಯನೊಬ್ಬ ದೇವರಾಗುವುದು ಹೊಸತಲ್ಲ. ಅಗಸ್ಟಸನ ನಾಣ್ಯಗಳ ಮೇಲೆ ಅವನು ದೈವತ್ವಕ್ಕೇರಿದವನ ಮಗನೆಂದೇ ಅಚ್ಚಾಗಿದೆ. ಆದರೆ ಯೇಸುವಿನ ಮೊದಲ ಅನುಯಾಯಿಗಳು ರೋಮನರಲ್ಲ, ಯೆಹೂದ್ಯರು. ಒಬ್ಬನೇ ದೇವರು, ಅವನಿಗೆ ವಿಗ್ರಹವಿಲ್ಲ, ಜೊತೆಗಾರನಿಲ್ಲ ಎಂಬ ನಂಬಿಕೆಯನ್ನು ದಿನನಿತ್ಯ ಬಾಯಲ್ಲಿ ಹೇಳುತ್ತಿದ್ದವರು. ಆ ನಂಬಿಕೆಯ ಬಿಗಿ ಎಂಥದೆಂಬುದನ್ನು ಕ್ರಿ.ಶ. 40ರ ಸುಮಾರಿನ ಘಟನೆ ತೋರಿಸುತ್ತದೆ. ಜೆರುಸಲೇಮಿನ ದೇವಾಲಯದಲ್ಲಿ ತನ್ನ ಪ್ರತಿಮೆಯನ್ನು ನಿಲ್ಲಿಸಬೇಕೆಂದು ಚಕ್ರವರ್ತಿ ಕಲಿಗುಲ ಆಜ್ಞಾಪಿಸಿದಾಗ ಯೆಹೂದ್ಯ ರೈತರು ಬಿತ್ತನೆಯ ಕಾಲದಲ್ಲಿ ಹೊಲಗಳನ್ನು ಬಿಟ್ಟು ಬಂದು, ಮೊದಲು ನಮ್ಮನ್ನು ಕೊಲ್ಲಿರಿ ಎಂದು ರಾಜ್ಯಪಾಲ ಪೆಟ್ರೋನಿಯಸನ ಮುಂದೆ ಕುತ್ತಿಗೆ ಒಡ್ಡಿದರು. ಆತ ಕಾರ್ಯವನ್ನು ಮುಂದೂಡುತ್ತ ಹೋದ. 41ರಲ್ಲಿ ಕಲಿಗುಲನೇ ಕೊಲೆಯಾದ.

ಯೇಸು ಶಿಲುಬೆಯ ಮೇಲೆ ಸತ್ತು ಆಗ ಹತ್ತು ವರ್ಷವಾಗಿತ್ತಷ್ಟೆ. ಇದೇ ಜನರ ನಡುವೆ ಹುಟ್ಟಿ ಬೆಳೆದವರು, ದಾಸರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಹೇಯ ಶಿಕ್ಷೆಯಿಂದ ಸತ್ತ ಒಬ್ಬನ ಹೆಸರನ್ನು ಪ್ರಾರ್ಥನೆಯಲ್ಲಿ ಕರೆಯತೊಡಗಿದ್ದು ಹೇಗೆ?

ಅವನು ಸತ್ತು ಎದ್ದನೆಂದು ಅವರು ನಂಬಿದರು, ಕಂಡೆವೆಂದೂ ಹೇಳಿದರು. ಇತಿಹಾಸಕಾರನು ಆ ನಂಬಿಕೆಯನ್ನು ದಾಖಲಿಸಬಹುದೇ ಹೊರತು ಅಳೆಯಲಾರ. ಎದ್ದವನು ಈಗ ಎಲ್ಲಿದ್ದಾನೆ ಎಂಬುದಕ್ಕೆ ಅವರು ತಮ್ಮ ಹಳೆಯ ಗ್ರಂಥಗಳಲ್ಲೇ ಉತ್ತರ ಹುಡುಕಿದರು. 110ನೆಯ ಕೀರ್ತನೆಯಲ್ಲಿ ದೇವರ ಬಲಗಡೆಯಲ್ಲಿ ಆಸೀನನಾಗುವ ಒಡೆಯನ ಚಿತ್ರವಿದೆ. ಹೊಸ ಒಡಂಬಡಿಕೆಯ ಲೇಖಕರು ಮತ್ತೆ ಮತ್ತೆ ಹಿಂದಿರುಗುವ ಸ್ಥಳ ಇದು.

ಇಲ್ಲಿ ಕನ್ನಡ ಓದುಗರ ಕಣ್ಣಿಗೆ ಬೀಳದ ಒಂದು ಸೂಕ್ಷ್ಮವಿದೆ. ದೇವರ ಹೀಬ್ರೂ ನಾಮವನ್ನು ಉಚ್ಚರಿಸಬಾರದೆಂಬ ಭಕ್ತಿಯಿಂದ ಗ್ರೀಕ್ ಮಾತನಾಡುವ ಯೆಹೂದ್ಯರು ಅದರ ಬದಲು ‘ಕ್ಯೂರಿಯೋಸ್’ ಎಂದು ಓದುತ್ತಿದ್ದರು. ಒಡೆಯ, ಯಜಮಾನ ಎಂಬ ಸಾಮಾನ್ಯ ಅರ್ಥವೂ ಆ ಪದಕ್ಕೆ ಉಂಟು. ಯೇಸುವನ್ನು ಪೌಲನು ಕರೆಯುವುದೂ ಇದೇ ಪದದಿಂದ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಹಳೆಯ ಒಡಂಬಡಿಕೆ ‘ಯೆಹೋವ’ ಎನ್ನುತ್ತದೆ, ಹೊಸದು ‘ಕರ್ತ’ ಎನ್ನುತ್ತದೆ. ಹಾಗಾಗಿ ಯೆಹೋವನ ನಾಮವನ್ನು ಕರೆದವರಿಗೆ ರಕ್ಷಣೆಯುಂಟೆಂಬ ಪ್ರವಾದಿ ಯೋವೇಲನ ಮಾತನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಯೇಸುವಿಗೆ ಅನ್ವಯಿಸಿದಾಗ ಗ್ರೀಕ್ ಕಿವಿಗೆ ಬಡಿಯುತ್ತಿದ್ದ ಪ್ರತಿಧ್ವನಿ ನಮ್ಮ ಕಿವಿಗೆ ತಲುಪುವುದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಎಲ್ಲ ಮೊಣಕಾಲುಗಳೂ ಯೇಸುವಿನ ಹೆಸರಿಗೆ ಬಾಗುತ್ತವೆ. ಯೆಶಾಯನ ಗ್ರಂಥದಲ್ಲಿ ಅವು ಬಾಗುವುದು ನನ್ನ ಹೊರತು ದೇವರಿಲ್ಲವೆನ್ನುವ ದೇವರಿಗೆ ಮಾತ್ರ. ಪೌಲನಿಗಿಂತ ಹಳೆಯದಾದ ಸ್ತುತಿಗೀತೆಯೊಂದು ಆ ಪತ್ರದೊಳಗೆ ಅಡಗಿದೆಯೆಂದು ಬಹಳ ವಿದ್ವಾಂಸರ ಅಭಿಪ್ರಾಯ.

ಈ ಪತ್ರಗಳ ಕಾಲ ಕ್ರಿ.ಶ. 50ರ ದಶಕ. ಜರ್ಮನಿಯ ವಿಲ್ಹೆಲ್ಮ್ ಬೂಸೆಟ್ 1913ರಲ್ಲಿ, ಯೇಸುವಿನ ಆರಾಧನೆ ಹುಟ್ಟಿದ್ದು ಪಲೆಸ್ತೀನದಲ್ಲಲ್ಲ, ಅನ್ಯದೇವತೆಗಳ ನಡುವೆ ಬಾಳಿದ ಗ್ರೀಕ್ ನಗರಗಳಲ್ಲಿ ಎಂದು ವಾದಿಸಿದ. ಈ ವಾದಕ್ಕೆ ತೊಡಕಾಗಿ ನಿಂತಿರುವುದು ಒಂದೇ ಒಂದು ಮಾತು: ‘ಮಾರನಾಥ’. ನಮ್ಮ ಒಡೆಯನೇ ಬಾ, ಎಂದು ಅದರ ಅರ್ಥ. ಭಾಷೆ ಅರಮಾಯಿಕ್, ಯೇಸುವಿನ ಮನೆಮಾತು. ಗ್ರೀಕ್ ಮಾತ್ರ ಬಲ್ಲ ಕೊರಿಂಥದವರಿಗೆ ಪೌಲನು ಇದನ್ನು ಅನುವಾದಿಸದೆ ಬರೆಯುತ್ತಾನೆ. ಅಂದರೆ ಅವರ ಪ್ರಾರ್ಥನೆಯಲ್ಲಿ ಅದಾಗಲೇ ರೂಢಿಯಾಗಿದ್ದ ಮಾತು, ಬಂದದ್ದು ಪಲೆಸ್ತೀನದಿಂದ. ಅರ್ಥ ತಿಳಿಯದಿದ್ದರೂ ಮಂತ್ರದ ಭಾಷೆಯನ್ನು ಬದಲಿಸದ ಭಕ್ತರನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ಕಾಣದು.

2003ರ ತಮ್ಮ ಬೃಹತ್ ಗ್ರಂಥದಲ್ಲಿ ಲ್ಯಾರಿ ಹರ್ಟಾಡೊ ಅವರು ಆರಾಧನೆ ಮೊದಲ ಕೆಲವೇ ವರ್ಷಗಳಲ್ಲಿ ಯೆಹೂದ್ಯ ವಲಯದಲ್ಲೇ ಸ್ಫೋಟದಂತೆ ಮೊಳೆತದ್ದೆಂದು ವಾದಿಸಿದರು. ಜೇಮ್ಸ್ ಡನ್ ಅವರು ತಡೆದು, ಪೌಲನ ಪ್ರಾರ್ಥನೆಗಳು ಬಹುಮಟ್ಟಿಗೆ ತಂದೆಯಾದ ದೇವರಿಗೆ ಸಲ್ಲುತ್ತವೆ, ಯೇಸು ಅಲ್ಲಿ ಮಾಧ್ಯಮ ಎಂದರು. ಡನ್ ಅವರ ಎಚ್ಚರಿಕೆ ಬೆಲೆಯುಳ್ಳದ್ದೇ. ಆದರೂ ಒಟ್ಟು ಸಾಕ್ಷ್ಯ ನನಗೆ ಹರ್ಟಾಡೊ ಅವರ ಕಡೆಗೇ ವಾಲಿದಂತೆ ಕಾಣುತ್ತದೆ. ಆರಾಧನೆ ಮುಂದೆ ಓಡಿತು, ಅದಕ್ಕೆ ವಿವರಣೆ ಏದುಸಿರು ಬಿಡುತ್ತ ಹಿಂದೆ ಬಂತು.

ಹಾಗಾದರೆ ನೈಸಿಯಾದಲ್ಲಿ ನಡೆದದ್ದೇನು? ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸನೂ ಯೇಸುವನ್ನು ಆರಾಧಿಸುತ್ತಿದ್ದವನೇ. ಆದರೆ ಮಗನು ಸೃಷ್ಟಿಗೊಂಡವನು, ಕಾಲಕ್ಕೆ ಮುಂಚೆಯೇ ಆದರೂ ಅವನಿಗೊಂದು ಆರಂಭವುಂಟು ಎಂದ. ಸಭೆಯು ಮಗನು ತಂದೆಯೊಡನೆ ಏಕಸತ್ತ್ವದವನೆಂದು ತೀರ್ಮಾನಿಸಿತು. ಏರಿಯಸನೊಂದಿಗೆ ಕೊನೆಗೂ ಒಪ್ಪದೆ ಉಳಿದ ಬಿಷಪ್ಪರು ಇಬ್ಬರೇ. ಮುಂದೆ ಅಥನೇಶಿಯಸನು ಹೂಡಿದ ವಾದ ಗಮನಾರ್ಹ: ಯೇಸು ಸೃಷ್ಟಿಯಾದರೆ ಅವನನ್ನು ಪೂಜಿಸುವ ನಾವು ಸೃಷ್ಟಿಪೂಜಕರಾದೆವಲ್ಲ! ಪೂಜೆ ಪ್ರಶ್ನಾತೀತ, ಸಿದ್ಧಾಂತವೇ ಅದಕ್ಕೆ ಹೊಂದಿಕೊಳ್ಳಬೇಕು. ಇದೇ ಅಥನೇಶಿಯಸ್ ಐದು ಸಲ ಗಡಿಪಾರಾದ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯವರೆಗೂ ಜಗಳ ಮುಗಿಯಲಿಲ್ಲ.

2005ರಲ್ಲಿ ಇಸ್ರೇಲಿನ ಮೆಗಿದ್ದೋ ಸೆರೆಮನೆಯ ವಿಸ್ತರಣೆಗಾಗಿ ನೆಲ ಅಗೆಯುವಾಗ ಒಂದು ಮೊಸಾಯಿಕ್ ನೆಲಹಾಸು ಸಿಕ್ಕಿತು. ಉತ್ಖನನಕಾರರ ಲೆಕ್ಕದಲ್ಲಿ ಅದು ಕ್ರಿ.ಶ. 230ರ ಸುಮಾರಿನದು. ಅದನ್ನು ಹಾಕಿಸಿದವನು ಗಾಯನಸ್ ಎಂಬ ರೋಮನ್ ಸೇನಾಧಿಕಾರಿ. ನಾಲ್ವರು ಸ್ತ್ರೀಯರನ್ನು, ಪ್ರಿಮಿಲ್ಲಾ, ಸಿರಿಯಾಕಾ, ಡೊರೊಥಿಯಾ, ಕ್ರೆಸ್ತೆ ಇವರನ್ನು, ನೆನೆಯಿರಿ ಎಂದು ಒಂದು ಶಾಸನ ಕೇಳುತ್ತದೆ. ಇನ್ನೊಂದರಲ್ಲಿ ಅಕೆಪ್ತೂಸ್ ಎಂಬ ಹೆಣ್ಣುಮಗಳು ತಾನು ಮಾಡಿಸಿಕೊಟ್ಟ ಮೇಜನ್ನು ದೇವರಾದ ಯೇಸು ಕ್ರಿಸ್ತನಿಗೆ ನೆನಪಿನ ಕಾಣಿಕೆಯಾಗಿ ಒಪ್ಪಿಸಿದ್ದಾಳೆ.