ಎರಡು ಆಫ್‌ವೈಟ್, ಒಂದು ಹಳೇ ಕಿಟಕಿ (ಗೋಡೆ ಕಥೆ, ಭಾಗ 3)

ಮೊದಲ ಫೋಟೋ ನೋಡಿ. ಗೋಡೆ ಮೇಲೆ ಎರಡು ಚೌಕ. ಎಡಗಡೆಯದು ಕೆನೆ ಥರ, ಬಲಗಡೆಯದಕ್ಕೆ ಚೂರು ಬೂದು ಛಾಯೆ. ಅಕ್ಕ ಹೆರಿಗೆಗೆ ಬರ್ತಾಳೆ, ಅವಳ ಕೋಣೆಗೆ ಬಣ್ಣ ಆಗ್ಬೇಕು. ಮೂರು ದಿನದಿಂದ ಅಮ್ಮ ಎಡ ಅಂತಾರೆ, ನಾನು ಬಲ. ಅಪ್ಪನಿಗೆ ಎರಡೂ ಒಂದೇ!

ಅಜ್ಜಿ ಕಾಲದಲ್ಲಿ ಈ ಜಗಳಾನೇ ಇರ್ಲಿಲ್ಲ. ಸುಣ್ಣ ಅಷ್ಟೇ. ಹಸಿ ಸುಣ್ಣ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿ ಗೋಡೆ ಮೇಲೇ ಮತ್ತೆ ಸುಣ್ಣಕಲ್ಲಾಗುತ್ತೆ. ಹಳದಿ ಕಾಣಬಾರದು ಅಂತ ಅದಕ್ಕೆ ಚಿಟಿಕೆ ನೀಲಿ ಬೇರೆ.

ಯೂರೋಪಿನ ಎಣ್ಣೆಬಣ್ಣದಲ್ಲಿದ್ದದ್ದು ಸೀಸದ ಬಿಳಿ. ಡಚ್ಚರು ಸೀಸದ ತಗಡನ್ನ ವಿನೆಗರ್ ಹಾಕಿದ ಮಡಕೆಯಲ್ಲಿಟ್ಟು ಕುದುರೆ ಲದ್ದಿಯಲ್ಲಿ ಹೂತಿಡ್ತಿದ್ರು. ವಾರಗಟ್ಟಲೆ ಆ ಬಿಸಿಯಲ್ಲಿ ತಗಡಿನ ಮೇಲೆ ಬಿಳಿ ಪದರ ಕಟ್ಟೋದು. ಅದನ್ನ ಕೆರೆದು, ಅರೆದು, ಅಗಸೆ ಎಣ್ಣೆಯಲ್ಲಿ ಕಲಸಿದ್ರೆ ಬಣ್ಣ ರೆಡಿ. ವರ್ಷ ಕಳೆದಂತೆ ಎಣ್ಣೆ ತಾನಾಗೇ ಹಳದಿಗೆ ತಿರುಗ್ತಿತ್ತು. ಕೆಲಸದವರಿಗೆ ಮಾತ್ರ ಹೊಟ್ಟೆ ಹಿಂಡೋ ನೋವು, ಮಣಿಕಟ್ಟು ಜೋತುಬೀಳೋ ಕಾಯಿಲೆ. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಗೆ ಇದನ್ನ ಬಳಿಯಬಾರದು ಅಂತ ಒಪ್ಪಂದ ತಂದಿತು. ರೈಲ್ವೆ ನಿಲ್ದಾಣ, ಕಾರ್ಖಾನೆಗಳಿಗೆ ವಿನಾಯಿತಿಗೆ ದಾರಿ ಇಟ್ಟಿದ್ರು. ಅಲ್ಲಿ ಕೆಲಸ ಮಾಡೋರು ಮನುಷ್ಯರಲ್ವಾ?

ಅಷ್ಟರಲ್ಲಿ ನಾರ್ವೆ, ಅಮೆರಿಕದಲ್ಲಿ ಟೈಟಾನಿಯಂ ಬಿಳಿ ತಯಾರಾಗ್ತಿತ್ತು. ಇದರ ಮೂಲ ಇಲ್ಮನೈಟ್ ಅನ್ನೋ ಅದಿರು, ಕೇರಳದ ಚವರದ ಕಡಲತೀರದಲ್ಲೂ ಸಿಗುತ್ತೆ. ಮಜಾ ಏನಂದ್ರೆ ಆ ಮರಳು ಕಪ್ಪು! ಈಗ ಅಂಗಡಿಯವನು ಆ ಅಚ್ಚ ಬಿಳಿಗೆ ಕೆಲವೇ ಹನಿ ಹಳದಿ, ಕಪ್ಪು ಸೇರಿಸಿ ಆಫ್‌ವೈಟ್ ಅಂತ ಕೊಡ್ತಾನೆ. ಅಜ್ಜಿ ನೀಲಿ ಹಾಕಿ ಓಡಿಸಿದ ಹಳದಿಗೆ ನಾವು ದುಡ್ಡು ಕೊಡ್ತಿದ್ದೀವಿ.

ಈಗ ಕೊನೇ ಫೋಟೋ, ಅದೇ ಕೋಣೆಯ ಕಿಟಕಿ. ಸೀಸ ಬಿಳಿಯಲ್ಲಿ ಮಾತ್ರ ಅಲ್ಲ, ಎನಾಮೆಲ್‌ನ ಹಳದಿ, ಕೆಂಪು, ಹಸಿರಲ್ಲೂ ಇರ್ತಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 10 ಲಕ್ಷ ಭಾಗಕ್ಕೆ 90 ಮೀರಬಾರದು ಅನ್ನೋ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ನಮ್ಮ ಕಿಟಕಿಯ ಹಸಿರು ಎನಾಮೆಲ್ ನಾನು ಹುಟ್ಟೋಕೂ ಮುಂಚಿನದು. ನಿನ್ನೆ ಪೇಂಟರ್ ಅಣ್ಣ ಅದನ್ನ ಒಣ ಉಪ್ಪುಕಾಗದದಲ್ಲಿ ಉಜ್ಜೋಕೆ ಶುರು ಮಾಡಿದ್ರು, ನೆಲವೆಲ್ಲ ಹಸಿರು ಧೂಳು. ಹುಟ್ಟೋ ಮಗು ಅದೇ ನೆಲದ ಮೇಲೆ ಅಂಬೆಗಾಲಿಟ್ಟು ಕೈ ಬಾಯಿಗೆ ಹಾಕುತ್ತೆ. ಸೀಸ ತಾಗೋದು ಎಳೇ ಮಿದುಳಿಗೆ.

ನಿಲ್ಸಿದ್ವಿ. ನೀರು ಹಾಕಿ ಉಜ್ಜೋದು, ಒದ್ದೆ ಬಟ್ಟೆಯಲ್ಲಿ ಒರೆಸೋದು ಅಂತಾಯ್ತು. ಅಣ್ಣನಿಗೆ ಮಾಸ್ಕ್ ತಂದ್ವಿ. ಕೆಲಸ ಮುಗಿದು ಕೋಣೆ ಚೊಕ್ಕ ಆಗೋವರೆಗೂ ಅಕ್ಕ ಅತ್ತೆಮನೇಲೇ.

ಗೋಡೆ ಇನ್ನೂ ತೀರ್ಮಾನ ಆಗಿಲ್ಲ. ಎಡಾನಾ, ಬಲಾನಾ? ಹೇಳಿ. ಅಮ್ಮನೂ ಓದ್ತಾರೆ, ಹುಷಾರು.