ವಿದ್ಯಾದಾನದ ಶಾಸನದಿಂದ ವಿದ್ಯಾರ್ಥಿವೇತನದ ಅರ್ಜಿಯವರೆಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಸೇರಿದ ಸಾಲೋಟಗಿಯ ಶಿಲಾಶಾಸನವು ಕನ್ನಡ ನಾಡಿನ ವಿದ್ಯಾಭ್ಯಾಸದ ಇತಿಹಾಸದಲ್ಲಿ ಗಣ್ಯವಾದ ದಾಖಲೆಯಾಗಿದೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 945ರಲ್ಲಿ ಹುಟ್ಟಿದ ಈ ಶಾಸನವು ಅವನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ, ನಾನಾ ದೇಶಗಳಿಂದ ಅಲ್ಲಿಗೆ ಬಂದು ಓದುತ್ತಿದ್ದ ವಿದ್ಯಾರ್ಥಿಗಳನ್ನೂ ವರ್ಣಿಸುತ್ತದೆ. ವಿದ್ಯಾರ್ಥಿಗಳ ವಸತಿಗೆ 27 ಮನೆಗಳನ್ನೂ ಪೋಷಣೆಗೆ 500 ನಿವರ್ತನ ಭೂಮಿಯನ್ನೂ ಬಿಟ್ಟುಕೊಟ್ಟ ವಿವರ ಅದರಲ್ಲಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬರೆಹದ ಹೊಣೆಯನ್ನು ಹೊತ್ತವನು ದಾನಿ. ಕೊಟ್ಟದ್ದೆಷ್ಟು, ಯಾರಿಗೆ, ಯಾವ ಉದ್ದೇಶಕ್ಕೆ ಎಂಬುದನ್ನು ಅವನು ಕಲ್ಲಿನಲ್ಲಿ ಕೊರೆಸಿ ಲೋಕದ ಮುಂದೆ ನಿಲ್ಲಿಸಿದನು.

ಜೈನ ಪರಂಪರೆಯಲ್ಲಿ ಶಾಸ್ತ್ರದಾನಕ್ಕೆ ಆಹಾರದಾನ, ಔಷಧದಾನ, ಅಭಯದಾನಗಳ ಸಮಾನವಾದ ಸ್ಥಾನವುಂಟು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಪ್ರತಿಯೊಂದು ಜೈನ ಮನೆಯ ಮಕ್ಕಳಿಗೂ ತಿಳಿದಿದೆ. ಆ ಕಾಲದ ದಾನಿಗೆ ಪಾತ್ರರು ಕಣ್ಣೆದುರಿಗೇ ಇದ್ದರು. ಅವರ ಕುಲ, ಸ್ಥಿತಿ, ಶ್ರದ್ಧೆಗಳನ್ನು ಊರೇ ಬಲ್ಲದಾಗಿತ್ತು.

ದಾನದ ಸ್ಥಾನದಲ್ಲಿ ರಾಜ್ಯದ ಬೊಕ್ಕಸವು ಬಂದು ನಿಂತಾಗ ಈ ವ್ಯವಸ್ಥೆ ತಲೆಕೆಳಗಾಯಿತು. ಕೊಡುವವನಿಗೆ ಪಡೆಯುವವನ ಮುಖಪರಿಚಯವಿಲ್ಲದ ಮೇಲೆ ಕಾಗದವೇ ಪರಿಚಯವಾಗಬೇಕಾಯಿತು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಡಾ. ಬಿ.ಆರ್. ಅಂಬೇಡ್ಕರರಿಗೆ ಅಮೆರಿಕೆಯಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟಾಗ, ವ್ಯಾಸಂಗ ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಅವರು ಕರಾರುಪತ್ರಕ್ಕೆ ಸಹಿ ಮಾಡಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯು ಹಿಂದುಳಿದವರ ವಿದ್ಯೆ ಮತ್ತು ಸರ್ಕಾರಿ ಸೇವೆಯ ಪ್ರಶ್ನೆಯನ್ನು ಪರಿಶೀಲಿಸಿತು. ಭಾರತ ಸರ್ಕಾರವು 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಆಮೇಲೆ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಹೀಗೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಇವು ವಿದ್ಯಾರ್ಥಿಜೀವನದ ಅಂಗಗಳಾದವು. ಪುರಾವೆಯ ಭಾರವು ಕೊಡುವವನ ಹೆಗಲಿನಿಂದ ಬೇಡುವವನ ಹೆಗಲಿಗೆ ಇಳಿಯಿತು.

ಜೈನ ಸಮಾಜವು ಬಹುಕಾಲ ಸರ್ಕಾರದ ಕಡೆಗೆ ಕೈಯೊಡ್ಡದೆ ತನ್ನ ಮಕ್ಕಳ ಓದಿಗೆ ತಾನೇ ದಾರಿ ಮಾಡಿಕೊಂಡಿತ್ತು. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು 1899ರಲ್ಲಿ ಸ್ಥಾಪನೆಯಾಯಿತು. ಶಾಹು ಮಹಾರಾಜರ ಪ್ರೋತ್ಸಾಹದಿಂದ ಕೊಲ್ಲಾಪುರದಲ್ಲಿ ದಿಗಂಬರ ಜೈನ ಬೋರ್ಡಿಂಗ್ ನಡೆಯಿತು. ಆ ಬೋರ್ಡಿಂಗಿನಲ್ಲಿದ್ದು ಓದಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಎಲ್ಲ ಜಾತಿಯ ಬಡ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಈ ಪರಂಪರೆ ಹೆಮ್ಮೆಯದೇ ಸರಿ. ಆದರೆ ಇದರಿಂದ ಒಂದು ಭ್ರಮೆಯೂ ಬೆಳೆಯಿತು. ಜೈನರೆಲ್ಲರೂ ಅನುಕೂಲಸ್ಥರು, ಅವರಿಗೆ ನೆರವು ಬೇಕಿಲ್ಲ ಎಂಬುದೇ ಆ ಭ್ರಮೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದ ಸುಮಾರು 4.4 ಲಕ್ಷ ಜೈನರಲ್ಲಿ ವರ್ತಕರು ಮಾತ್ರವಲ್ಲ, ಬೆಳಗಾವಿ ಸೀಮೆಯ ಸಣ್ಣ ಹಿಡುವಳಿಯ ರೈತರೂ, ಕೂಲಿಯ ಮೇಲೆ ಜೀವಿಸುವವರೂ, ಬಸದಿಗಳ ಪುರೋಹಿತ ಕುಟುಂಬಗಳೂ ಸೇರಿದ್ದಾರೆ. ಸರಾಸರಿಯ ಅಂಕಿಯು ಬಡವನ ಮನೆಯ ಒಲೆಯನ್ನು ತೋರಿಸುವುದಿಲ್ಲ.

1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಅಧಿನಿಯಮದಡಿ 1993ರಲ್ಲಿ ಐದು ಸಮುದಾಯಗಳನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿದಾಗ ಜೈನರು ಆ ಪಟ್ಟಿಯಲ್ಲಿರಲಿಲ್ಲ. ಬಾಲ ಪಾಟೀಲರ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ಆದೇಶ ನೀಡಲು ಒಪ್ಪಲಿಲ್ಲ. ಕೊನೆಗೆ 2014ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಅಧಿಸೂಚನೆ ಹೊರಟು ಜೈನರು ಆರನೆಯ ಸಮುದಾಯವಾಗಿ ಸೇರಿದರು. 2007-08ರ ಸುಮಾರಿಗೆ ಆರಂಭವಾಗಿದ್ದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಯೋಜನೆಗಳ ಬಾಗಿಲು ಆಗ ಜೈನ ಮಕ್ಕಳಿಗೂ ತೆರೆಯಿತು. ಆ ಯೋಜನೆಗಳ ಮೂಲ ನಿಯಮದಂತೆ ಪೋಷಕರ ವಾರ್ಷಿಕ ಆದಾಯದ ಮಿತಿ ಮೆಟ್ರಿಕ್ ಪೂರ್ವಕ್ಕೆ 1 ಲಕ್ಷ, ಮೆಟ್ರಿಕ್ ನಂತರಕ್ಕೆ 2 ಲಕ್ಷ, ವೃತ್ತಿಶಿಕ್ಷಣಕ್ಕೆ 2.5 ಲಕ್ಷ ರೂಪಾಯಿ. ಶೇಕಡ 50 ಅಂಕಗಳು ಅವಶ್ಯ. ಶೇಕಡ 30ರಷ್ಟು ವೇತನಗಳು ಹೆಣ್ಣುಮಕ್ಕಳಿಗೆ ಮೀಸಲು.

ಬಾಗಿಲು ತೆರೆದ ಮೇಲೆ ಹೊಸ್ತಿಲಿನ ಕಷ್ಟಗಳು ಕಾಣಿಸಿಕೊಂಡವು. ತಲೆಮಾರುಗಳಿಂದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಧರ್ಮದ ಅಂಕಣದಲ್ಲಿ ‘ಹಿಂದೂ’ ಎಂದೂ ಜಾತಿಯ ಅಂಕಣದಲ್ಲಿ ‘ಜೈನ’ ಎಂದೂ ಬರೆಯಿಸಿದ ಕುಟುಂಬಗಳು ಅನೇಕ. ಅಂದು ಯಾರೂ ಲೆಕ್ಕಿಸದ ಆ ಒಂದು ಪದವು ಇಂದು ಅರ್ಜಿಯನ್ನು ತಡೆಯಬಲ್ಲದು. ತಂದೆಯ ಹೆಸರಿನ ಮುಂದೆ ಒಂದು ಕಾಗದದಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು, ಮತ್ತೊಂದರಲ್ಲಿ ಬರಿಯ ಇನಿಷಿಯಲ್ ಇರುವುದೂ ಸಾಮಾನ್ಯವೇ. 2015ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಬಂದ ಮೇಲೆ ಹಣವು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಜಮೆಯಾಗತೊಡಗಿತು. ಮಧ್ಯವರ್ತಿಯ ಕೈ ತಪ್ಪಿತು, ನಿಜ. ಆದರೆ ಗುಮಾಸ್ತನು ಮುಖ ನೋಡಿ ಮನ್ನಿಸುತ್ತಿದ್ದ ಅಕ್ಷರದೋಷವನ್ನು ಯಂತ್ರವು ಮನ್ನಿಸುವುದಿಲ್ಲ. ಆದಕಾರಣ ಅರ್ಜಿಯ ಸಿದ್ಧತೆಯು ಕೊನೆಯ ವಾರದ ಧಾವಂತವಾಗಬಾರದು. ಮಗುವನ್ನು ಶಾಲೆಗೆ ಸೇರಿಸುವ ದಿನವೇ ಅದು ಆರಂಭವಾಗುತ್ತದೆ. ಹೆಸರು, ಧರ್ಮ, ಜನ್ಮದಿನಾಂಕಗಳನ್ನು ಅಂದೇ ಸರಿಯಾಗಿ ಬರೆಯಿಸುವುದು, ಎಲ್ಲ ಕಾಗದಗಳಲ್ಲಿಯೂ ಒಂದೇ ರೂಪ ಇರುವಂತೆ ನೋಡಿಕೊಳ್ಳುವುದು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ತಂದೆತಾಯಿಗಳ ಕರ್ತವ್ಯ.

ಇದಕ್ಕಿಂತ ಗುರುತರವಾದ ಪ್ರಶ್ನೆ ಆದಾಯದ್ದು. ಸ್ವಂತ ಉದ್ಯೋಗದವರ ವರಮಾನಕ್ಕೆ ಸಂಬಳದ ಚೀಟಿ ಇರುವುದಿಲ್ಲ. ಅವರ ಮಾತೇ ಪ್ರಮಾಣ. ಅಂಗಡಿಯ ಲೆಕ್ಕದಲ್ಲಿ ಒಂದು ಮೊತ್ತ, ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಅದಕ್ಕೂ ದೊಡ್ಡ ಮೊತ್ತ, ಮಗನ ವಿದ್ಯಾರ್ಥಿವೇತನಕ್ಕೆ ಅತಿ ಚಿಕ್ಕ ಮೊತ್ತ ಹೀಗೆ ಬರೆಯಿಸುವುದನ್ನು ಲೋಕವು ಜಾಣತನವೆನ್ನಬಹುದು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ‘ಕೂಟಲೇಖಕ್ರಿಯೆ’ಯನ್ನು ಹೆಸರಿಸಿಯೇ ಹೇಳುತ್ತದೆ. ಇಲ್ಲದುದನ್ನು ಇದೆಯೆಂದು ವಂಚನೆಗಾಗಿ ಬರೆಯುವುದೇ ಕೂಟಲೇಖ. ಅಚೌರ್ಯವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’, ಅಂದರೆ ಅಳತೆ ತೂಕಗಳ ಮೋಸವೂ ಸೇರಿದೆ. ತಕ್ಕಡಿಯಲ್ಲಿ ಮೋಸ ಮಾಡದ ವರ್ತಕನು ಪ್ರಮಾಣಪತ್ರದಲ್ಲಿ ಮಾತ್ರ ತನ್ನ ಸಂಪತ್ತನ್ನು ಕಡಿಮೆ ತೂಗಿದರೆ ವ್ರತವು ಉಳಿಯಿತೆನ್ನಲಾಗದು. ಅನುದಾನಕ್ಕೆ ಮಿತಿಯಿರುವಾಗ ಅನರ್ಹನಿಗೆ ಸಂದ ಹಣವು ಅರ್ಹನ ಪಾಲಿನದು. ಆ ಅರ್ಹನು ಅದೇ ಬಸದಿಯಲ್ಲಿ ಪಕ್ಕದಲ್ಲಿ ಕೈಮುಗಿದು ನಿಂತವನ ಮಗನಾಗಿರಲೂಬಹುದು.

ಸುಳ್ಳು ಕಾಗದದ ಪರಿಣಾಮ ಒಬ್ಬರಿಗೇ ಸೀಮಿತವಲ್ಲವೆಂಬುದನ್ನು ಇತ್ತೀಚಿನ ಇತಿಹಾಸವೇ ಹೇಳುತ್ತದೆ. 2023ರಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯವೆಂದು ಕಂಡುಬಂದವು. ಐದು ವರ್ಷಗಳಲ್ಲಿ ಸುಮಾರು 144 ಕೋಟಿ ರೂಪಾಯಿ ನಷ್ಟವಾಯಿತೆಂದು ಅಂದಾಜಿಸಿ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಲಾಯಿತು. ಇಂತಹ ಪ್ರತಿಯೊಂದು ವಂಚನೆಯ ತರುವಾಯ ಹೊಸ ತಪಾಸಣೆ, ಹೊಸ ಕಾಗದ, ಹೊಸ ವಿಳಂಬ ಹುಟ್ಟುತ್ತವೆ. ಅವುಗಳ ಭಾರವನ್ನು ಹೊರುವವನು ವಂಚಕನಲ್ಲ, ಸತ್ಯವನ್ನೇ ಬರೆದ ಬಡ ವಿದ್ಯಾರ್ಥಿ.

ಈ ಸಂದರ್ಭದಲ್ಲಿ ಬಸದಿಗಳ ಆಡಳಿತ ಮಂಡಳಿಗಳ ಪಾತ್ರ ಹಿರಿದಾದುದು. ವರ್ಷಕ್ಕೆ ಎರಡು ದಿನ ಬಸದಿಯ ಸಭಾಭವನದಲ್ಲಿ ತಿಳಿದ ಯುವಕರು ಕುಳಿತು ಬಡ ಕುಟುಂಬಗಳ ಕಾಗದಗಳನ್ನು ಪರಿಶೀಲಿಸಿ ಅರ್ಜಿ ತುಂಬಿಸಿಕೊಟ್ಟರೆ ಅದು ಈ ಕಾಲದ ಶಾಸ್ತ್ರದಾನವೇ ಆಗುತ್ತದೆ. ಯೋಜನೆಗಳ ನಿಯಮಗಳು ಬದಲಾಗುತ್ತಿರುತ್ತವೆ. 2022ರಲ್ಲಿ ಮೆಟ್ರಿಕ್ ಪೂರ್ವ ವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿದ್ದು ಇದಕ್ಕೆ ನಿದರ್ಶನ. ಆಯಾ ವರ್ಷದ ಪ್ರಕಟಣೆಯನ್ನು ಓದಿ ತಿಳಿಸುವ ಹೊಣೆಯನ್ನೂ ಮಂಡಳಿಗಳು ವಹಿಸಿಕೊಳ್ಳಬೇಕು. ಸರ್ಕಾರದ ನೆರವು ತಪ್ಪಿದ ಅರ್ಹ ವಿದ್ಯಾರ್ಥಿಗೆ ಭಂಡಾರದಿಂದ ಶುಲ್ಕ ಕಟ್ಟುವ ಔದಾರ್ಯವೂ ಇರಬೇಕು. ಹಾಗೆಯೇ, ದಾಕ್ಷಿಣ್ಯಕ್ಕೆ ಒಳಗಾಗಿ ಅನುಕೂಲಸ್ಥನಿಗೆ ಬಡತನದ ಪತ್ರ ಬರೆದುಕೊಡದ ದೃಢತೆಯೂ ಅಷ್ಟೇ ಅವಶ್ಯ.

ಸಾಲೋಟಗಿಯ ದಾನಿಯು ಕಲ್ಲಿನಲ್ಲಿ ಬರೆಯಿಸಿದ್ದು ಸಾವಿರ ವರ್ಷಗಳ ಮೇಲೆಯೂ ಓದುವವರ ಮುಂದೆ ನಿಂತಿದೆ. ವಿದ್ಯಾರ್ಥಿವೇತನದ ಅರ್ಜಿಯು ಬಹುಮಟ್ಟಿಗೆ ಒಬ್ಬ ಬಾಲಕನು ತನ್ನ ಹೆಸರಿನಲ್ಲಿ ಸಹಿ ಮಾಡುವ ಮೊದಲ ಸಾರ್ವಜನಿಕ ಬರೆಹ. ಅದರಲ್ಲಿ ತಂದೆ ಬರೆಯಿಸಿದ ಅಂಕಿ ನಿಜವೋ ಸುಳ್ಳೋ ಎಂಬುದು ಅಧಿಕಾರಿಗೆ ತಿಳಿಯದೆ ಹೋಗಬಹುದು, ಮಗನಿಗೆ ತಿಳಿದೇ ಇರುತ್ತದೆ.