ಹಲಗೆಯ ದನಿ ಹಿಡಿದ ಬಗೆ

ಕಳೆದ ತಿಂಗಳು ಸೇಡಂನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, “ಸರಾ, ಮನ್ಯಾಗ ಹಲಗಿ ರೆಕಾರ್ಡ್ ಮಾಡಿದ್ರ ಡಬ್ಬಿ ಬಡದಂಗ ಕೇಳಸ್ತದ, ಏನ್ ಮಾಡ್ಬೇಕ್ರಿ?” ಎಂದು ಕೇಳಿದ. ನಾನು ಕಲಿಸಿದ್ದು ಚರಿತ್ರೆ, ಧ್ವನಿಶಾಸ್ತ್ರವಲ್ಲ. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು, ಅದರೊಳಗೆ ನನ್ನದೊಂದು ಸೋಲೂ ಉಂಟು. ಆದ್ದರಿಂದ ಅವನಿಗೆ ಹೇಳಿದ್ದನ್ನು ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1984ರ ಮೊಹರಂ ಸಮಯ. ಆಗ ನಾನು ಶಹಾಬಾದಿನಲ್ಲಿದ್ದೆ. ಚಿತ್ತಾಪುರ ತಾಲೂಕಿನ ಹಳ್ಳಿಯೊಂದರ ಹಿರಿಯರೊಬ್ಬರು ಹಲಗೆ ಬಾರಿಸುತ್ತ ರಿವಾಯತ್ ಪದ ಹಾಡುವುದರಲ್ಲಿ ಎತ್ತಿದ ಕೈ. ಅವರನ್ನು ಮನೆಗೆ ಕರೆದು, ಹೊಸದಾಗಿ ಕೊಂಡಿದ್ದ ಟೂ-ಇನ್-ಒನ್ ಮುಂದೆ ಕೂರಿಸಿದೆ. ನೆಲ ಶಹಾಬಾದಿ ಕಲ್ಲು, ಗೋಡೆ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲೇ. ಪ್ರತಿ ಪೆಟ್ಟೂ ನಾಲ್ಕು ಕಡೆಯಿಂದ ಮರಳಿ ಬಂದು ಮುಂದಿನ ಪೆಟ್ಟಿನ ಮೇಲೆ ಬೀಳುತ್ತಿತ್ತು. ಸಾಲದ್ದಕ್ಕೆ, ಅಂಥ ಯಂತ್ರಗಳು ಜೋರಾದ ಸದ್ದು ಕೇಳಿದೊಡನೆ ತಾವಾಗಿಯೇ ಮಟ್ಟ ತಗ್ಗಿಸಿಕೊಳ್ಳುತ್ತವೆ. ಕೋಲು ಬಿದ್ದಾಗಲೆಲ್ಲ ಹಾಡು ಮುಳುಗುವುದು, ಮತ್ತೆ ಏಳುವುದು. ಕೇಳಿದ ಹಿರಿಯರು ಏನೂ ಅನ್ನದೆ ಚಹಾ ಕುಡಿದು ಹೋದರು. ಆ ಕ್ಯಾಸೆಟ್ಟನ್ನು ಯಾರಿಗೂ ಕೇಳಿಸುವ ಧೈರ್ಯ ನನಗೆ ಬರಲಿಲ್ಲ.

ಈ ತೊಡಕು ನನ್ನೊಬ್ಬನದಲ್ಲವೆಂದು ತಿಳಿದದ್ದು ಬಹಳ ತಡವಾಗಿ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮುದ್ರಣಕ್ಕೆ ಮೈಕ್ ಬಳಸುತ್ತಿರಲಿಲ್ಲ. ಗಾಯಕಿ ತುತ್ತೂರಿಯಂಥ ಕೊಳವೆಗೆ ಮುಖವಿಟ್ಟು ಹಾಡಬೇಕಿತ್ತು. ಆ ಕಾಲದ ಮುದ್ರಣದಲ್ಲಿ ದೊಡ್ಡ ಚರ್ಮವಾದ್ಯವೆಂದರೆ ಭಯ. ಭಾರಿ ಪೆಟ್ಟೊಂದು ಬಿದ್ದರೆ ಸೂಜಿ ಗೀರು ಬಿಟ್ಟು ಹಾರುವ ಅಪಾಯವಿತ್ತು. ಹಾಗಾಗಿ ಬಾರಿಸುವವನನ್ನು ದೂರ ಕೂರಿಸುತ್ತಿದ್ದರು. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲಷ್ಟೆ ತಾಳವಾದ್ಯ ಹತ್ತಿರಕ್ಕೆ ಬರತೊಡಗಿತು. ಹಲಗೆಯಾದರೋ ಗುಡಿಯ ಒಳಗೂ ಇರಲಿಲ್ಲ, ದರಬಾರಿನಲ್ಲೂ ಇರಲಿಲ್ಲ. ಅದನ್ನು ಹೊತ್ತ ಜನರಂತೆಯೇ ಊರ ಹೊರಗಿತ್ತು. ಅವಮಾನದ ಗುರುತೆಂದು ಹಲಗೆಯನ್ನು ತೊರೆದ ಮನೆಗಳೂ ಉಂಟು. ಅವರ ಸಿಟ್ಟು ನ್ಯಾಯವಾದದ್ದೇ. ಉಳಿಸಿಕೊಂಡವರ ದನಿಯನ್ನಾದರೂ ಸರಿಯಾಗಿ ಹಿಡಿಯಬೇಡವೇ?

1980ರ ಸುಮಾರಿಗೆ ಅಮೆರಿಕದಲ್ಲಿ ಬೇರೊಂದು ದಾರಿ ತೆರೆಯಿತು. ರೋಜರ್ ಲಿನ್ ಎಂಬಾತ ನಿಜವಾದ ಡ್ರಮ್ಮಿನ ಪೆಟ್ಟುಗಳನ್ನೇ ಯಂತ್ರದೊಳಗೆ ಕೂಡಿಟ್ಟು ಬೇಕಾದಾಗ ನುಡಿಸುವ ಎಲ್‌ಎಮ್-1 ಹೊರತಂದ. ಅದೇ ಹೊತ್ತಿಗೆ ಸ್ಟೀಲಿ ಡ್ಯಾನ್ ತಂಡದ ‘ಗೌಚೊ’ಗಾಗಿ ಧ್ವನಿ ಎಂಜಿನಿಯರ್ ರೋಜರ್ ನಿಕೋಲ್ಸ್ ತಾನೇ ಕಟ್ಟಿದ ‘ವೆಂಡೆಲ್’ ಯಂತ್ರವನ್ನು ಬಳಸಿದ. ಇಂದು ಅದೇ ಕೆಲಸವನ್ನು ಲ್ಯಾಪ್‌ಟಾಪ್ ಮಾಡುತ್ತದೆ. ವಾದ್ಯದ ಅಂಚಿಗೆ ನಾಣ್ಯದಂಥ ಸಣ್ಣ ಬಿಲ್ಲೆ ಅಂಟಿಸುತ್ತಾರೆ. ಪೆಟ್ಟು ಬಿದ್ದಾಗ ಅದರಿಂದ ವಿದ್ಯುತ್ತಿನ ಒಂದು ಮಿಡಿತ ಹೊರಡುತ್ತದೆ. ಕಂಪ್ಯೂಟರು ಆ ಕ್ಷಣಕ್ಕೆ ಮೊದಲೇ ಕೂಡಿಟ್ಟ ಪೆಟ್ಟೊಂದನ್ನು ನುಡಿಸುತ್ತದೆ. ಇದಕ್ಕೆ ಟ್ರಿಗರ್ ಎಂದೂ ಕೂಡಿಟ್ಟ ಪೆಟ್ಟಿಗೆ ಸ್ಯಾಂಪಲ್ ಎಂದೂ ಹೆಸರು.

2017ರಲ್ಲಿ ಆ ಹಿರಿಯರ ಮೊಮ್ಮಗ, ಅವನೂ ನನ್ನ ವಿದ್ಯಾರ್ಥಿಯೇ, ವಾಡಿಯ ತನ್ನ ಬಾಡಿಗೆ ಮನೆಯಲ್ಲಿ ಇದನ್ನು ಮಾಡಿದ. ಅಜ್ಜ ಆಗಲೇ ಎಂಬತ್ತು ದಾಟಿದ್ದರು. ನನ್ನನ್ನೂ ಕರೆದಿದ್ದ. ಎಲ್ಲಿಂದಲೋ ತರಿಸಿದ ಡ್ರಮ್ ಸೆಟ್ಟಿನ ಸ್ಯಾಂಪಲ್ಲುಗಳನ್ನು ಹಾಕಿದಾಗ ಸದ್ದು ಭರ್ಜರಿಯಾಗಿಯೇ ಬಂತು. ಅಜ್ಜ ಕಿವಿಯಿಂದ ಹೆಡ್‌ಫೋನ್ ತೆಗೆದು, “ಚಲೋ ಅದ. ಆದ್ರ ಇದು ನಂದಲ್ಲಪ್ಪ” ಎಂದರು.

ಅದೇಕೆ ಅವರದಲ್ಲವೆಂಬುದಕ್ಕೆ ಸರ್ ಸಿ.ವಿ. ರಾಮನ್ನರ ನೆರವು ಬೇಕು. 1920ರಲ್ಲಿ ಶಿವಕಾಳಿ ಕುಮಾರರೊಡನೆಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಒಬ್ಬರೇ ಆಗಿಯೂ ಅವರು ನಮ್ಮ ಚರ್ಮವಾದ್ಯಗಳ ಮೇಲೆ ಬರೆದರು. ಬರಿಯ ಚರ್ಮದ ಉಪಸ್ವರಗಳು ಮೂಲಸ್ವರದ 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ. ಮೃದಂಗ, ತಬಲಗಳ ಕಪ್ಪು ಕರಣೆ ಅವನ್ನು ಎರಡು, ಮೂರು ಎಂಬ ಪೂರ್ಣ ಪಟ್ಟುಗಳಿಗೆ ತಂದು ನಿಲ್ಲಿಸುತ್ತದೆ. ಹಲಗೆಗೆ ಕರಣೆಯಿಲ್ಲ. ಅದರ ಒರಟೇ ಅದರ ಗುಣ. ಮೇಲಾಗಿ ಬೆಂಕಿಗೆ ಕಾಯಿಸಿದ ಚರ್ಮ ಬಿಗಿಯಾಗಿ, ಆರಿದಂತೆಲ್ಲ ಸಡಿಲಗೊಂಡು ದನಿ ಇಳಿಯುತ್ತದೆ. ಪರವಾದ್ಯದ ಒಂದೇ ಪೆಟ್ಟನ್ನು ಸಾವಿರ ಸಲ ಅಂಟಿಸಿದರೆ ಅದೆಲ್ಲವೂ ಅಳಿಸಿಹೋಗುತ್ತದೆ.

ಹುಡುಗ ಹಟಬಿಡಲಿಲ್ಲ. ಗೋಡೆಗಳಿಗೆ ಅವ್ವ ಹೊಲಿದ ಕೌದಿಗಳನ್ನು ತೂಗುಹಾಕಿದ, ಕಲ್ಲಿನ ನೆಲಕ್ಕೆ ಎರಡು ಕೌದಿ ಹಾಸಿದ. ಮರುದನಿ ಅರ್ಧಕ್ಕಿಂತ ಕಡಿಮೆಯಾಯಿತು. ಒಂದು ಮೈಕನ್ನು ಚರ್ಮಕ್ಕೆ ಗೇಣು ದೂರದಲ್ಲಿ, ಇನ್ನೊಂದನ್ನು ಮಾರು ದೂರದಲ್ಲಿ ಇಟ್ಟ. ಸದ್ದು ಒಂದು ಮೀಟರ್ ನಡೆಯಲು ಸುಮಾರು 3 ಮಿಲಿಸೆಕೆಂಡ್ ಬೇಕು. ಎರಡು ಮೈಕುಗಳು ಕೇಳಿದ್ದನ್ನು ಹಾಗೆಯೇ ಕೂಡಿಸಿದರೆ ಒಂದರ ಅಲೆ ಇನ್ನೊಂದರದನ್ನು ಅಲ್ಲಲ್ಲಿ ನುಂಗಿ ದನಿ ಪೊಳ್ಳಾಗುತ್ತದೆ. ದೂರದ ಮೈಕಿನದನ್ನು ಅಷ್ಟು ಹಿಂದಕ್ಕೆ ಸರಿಸಿ ಕೂಡಿಸಿದಾಗ ಪೆಟ್ಟಿಗೆ ಮೈ ಬಂತು.

ಬಳಿಕ ಅಜ್ಜನನ್ನು ಚಿಂಚೋಳಿ ಕಡೆಯ ಬಯಲು ಹೊಲವೊಂದಕ್ಕೆ ಕರೆದೊಯ್ದ. ಅಲ್ಲಿ ಮರುದನಿ ಕೊಡಲು ಗೋಡೆಯೇ ಇಲ್ಲ. ದಪ್ಪ ಕೋಲು, ಸಣ್ಣ ಕೋಲು, ಅಂಚು, ನಡುವು, ಮೆಲ್ಲಗೆ, ಜೋರಾಗಿ, ಹೀಗೆ ಅಜ್ಜನ ಹಲಗೆಯದೇ ಬಿಡಿ ಪೆಟ್ಟುಗಳನ್ನು ಹಿಡಿದ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿದರು. ಈ ಸ್ಯಾಂಪಲ್ಲುಗಳನ್ನು ಮೂಲವನ್ನು ತೆಗೆದುಹಾಕಲು ಬಳಸದೆ, ಅದರ ಅಡಿಯಲ್ಲಿ ಮೆಲ್ಲಗೆ ಬೆರೆಸಿದ. ಟ್ರಿಗರಿಗೆ ಕೇಳಿಸದೆ ತಪ್ಪಿಹೋದ ಸಣ್ಣ ಕೋಲಿನ ಮೆಲುಪೆಟ್ಟುಗಳನ್ನು ಕೈಯಾರೆ ಗುರುತಿಸಿ ಕೂಡಿಸಲು ಎರಡು ರಾತ್ರಿ ಹಿಡಿಯಿತಂತೆ. ಈ ಸಲ ಅಜ್ಜ ಹೆಡ್‌ಫೋನ್ ತೆಗೆಯಲಿಲ್ಲ; ಪೂರ್ತಿ ಕೇಳಿ, ಇನ್ನೊಮ್ಮೆ ಹಾಕೆಂದರು.

ಮುಂದಿನ ವರ್ಷ ಅವರು ತೀರಿಕೊಂಡರು. ಏನನ್ನೂ ಬೆರೆಸದ ವಾಡಿಯ ಮೂಲ ಮುದ್ರಣವನ್ನು ಹುಡುಗ ಬೇರೆಯಾಗಿ ಉಳಿಸಿ, ನನಗೂ ಒಂದು ಪ್ರತಿ ಕೊಟ್ಟಿದ್ದಾನೆ. ನಡುವೆ ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಸಿಳ್ಳು ಹಾಕುತ್ತದೆ. ಅಜ್ಜ ಕೈ ನಿಲ್ಲಿಸುತ್ತಾರೆ, ಕಾಯುತ್ತಾರೆ, “ಹೋತೇನು?” ಎಂದು ಕೇಳಿ ಮತ್ತೆ ಹಿಡಿಯುತ್ತಾರೆ. ಸೇಡಂನ ಹುಡುಗನಿಗೆ ಎರಡನ್ನೂ ಕಳಿಸಿದ್ದೇನೆ. ಮೊದಲು ಇದನ್ನು ಕೇಳೆಂದು ಬರೆದಿದ್ದೇನೆ.